ಹೊತ್ತು ಹುಟ್ಟದ ಹಾದಿ

ಪೀರನವಾಡಿಯ ಚಂಪಾಬಾಯಿಯ ಮನೆಯ ಗೋಡೆಗೆ ಗಡಿಯಾರವೊಂದು ತೂಗುತ್ತಿತ್ತು, ಆದರೆ ಅದು ಯಾವ ಕಾಲದಲ್ಲಿ ನಿಂತಿತ್ತೋ ಯಾರಿಗೂ ನೆನಪಿಲ್ಲ. ಸೆಲ್ ಹಾಕಿಸುವ ಉಸಾಬರಿಗೆ ಆಕೆ ಹೋದವಳಲ್ಲ. ಹೊತ್ತು ಹುಟ್ಟಿದ ಮೇಲೆ ಒಲೆ ಹಚ್ಚುವುದು, ಹೊತ್ತು ಮುಳುಗುವ ಮುಂಚೆ ಉಂಡು ಬಾಯಿ ತೊಳೆಯುವುದು. ಆಮೇಲೆ ಮರುದಿನ ಸೂರ್ಯ ಕಾಣುವವರೆಗೆ ಅನ್ನವಿಲ್ಲ, ಹಾಲಿಲ್ಲ, ಒಂದು ಗುಟುಕು ನೀರೂ ಇಲ್ಲ. ಜೈನರ ಮನೆಗಳಲ್ಲಿ ರಾತ್ರಿ ಉಣ್ಣದವರು ಬಹಳ ಜನ ಸಿಗುತ್ತಾರೆ. ನೀರನ್ನೂ ಮುಟ್ಟದವರು ಕಡಿಮೆ. ಐವತ್ತು ವರ್ಷ ಒಂದು ದಿನವೂ ತಪ್ಪದೆ ನಡೆದವರನ್ನು ಬೆಳಗಾವಿ ಸೀಮೆಯಲ್ಲಿ ಎಣಿಸಲು ಹೊರಟರೆ ಒಂದು ಕೈಯ ಬೆರಳು ಸಾಕಾದೀತು.

ಆಕೆ ಹುಟ್ಟಿದ ಊರು ಖಾನಾಪುರ. ಮದುವೆಯಾಗಿ ಎರಡನೇ ಮಳೆಗಾಲಕ್ಕೇ ಗಂಡ ಮಲಪ್ರಭೆಯ ಮಹಾಪೂರದಲ್ಲಿ ಹೋದ, ಹೆಣವೂ ಸಿಗಲಿಲ್ಲ. ಹತ್ತೊಂಬತ್ತರ ಹುಡುಗಿ ಅಣ್ಣನ ಮನೆಗೆ ಮರಳಿ ಬಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಆ ವರ್ಷ ಊರಿಗೆ ಒಬ್ಬ ದಿಗಂಬರ ಮುನಿ ಬಂದರು, ಅವರಿಗೂ ಆಗ ಹರೆಯವೇ. ಈಕೆಯನ್ನು ಕರೆಸಿ ರಾತ್ರಿ ನೀರು ಬಿಡುವ ವ್ರತ ಕೊಟ್ಟರು. "ನಾಳೆ ಹೊತ್ತು ಹುಟ್ಟೂದು ನೋಡಿ ನೀರು ಕುಡಿಯವ್ವಾ. ಅಷ್ಟು ಮಾಡು, ಸಾಕು" ಎಂದರು. ಅಳುವ ಹುಡುಗಿಗೆ ಹಿಡಿದುಕೊಳ್ಳಲು ಏನಾದರೊಂದು ಬೇಕಿತ್ತು, ಅವರು ಸೂರ್ಯನನ್ನೇ ಕೊಟ್ಟರು. ಆಕೆ ಬಿಗಿಯಾಗಿ ಹಿಡಿದುಕೊಂಡಳು.

ವ್ರತದ ಕೈಗೆ ಮುಂದೆ ಬೇಡಿಕೆ ಬಂತು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ನೀರೂ ಆಗಲೇ, ಆ ಒಂದೇ ಸಲ. ಮಾಡಿ ಬಡಿಸುವ ಕೈ ಶುದ್ಧವಿರಬೇಕು. ಸುತ್ತಲಿನ ಯಾವ ಊರಿನಲ್ಲಿ ಮುನಿಗಳು ತಂಗಿದರೂ ಚಂಪಾಬಾಯಿಗೆ ಕರೆ ಬರುತ್ತಿತ್ತು. ಹಿತ್ತಾಳೆ ಕೊಡವನ್ನೂ ಒಂದು ದಪ್ಪ ಬಿಳಿ ಬಟ್ಟೆಯನ್ನೂ ಕಟ್ಟಿಕೊಂಡು ಆಕೆ ಬಸ್ಸು ಹತ್ತುತ್ತಿದ್ದಳು. ಬಾವಿಯ ನೀರನ್ನು ಆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಮರಳಿ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅವು ಪರದೇಶಿಗಳಾಗಿ ಸಾಯುತ್ತವೆ ಎಂದು ಆಕೆಯ ವಾದ. ಮನೆಯ ಹುಡುಗರು ಇದಕ್ಕೆ ನಕ್ಕರೆ ಆಕೆ ಒಂದು ನೋಟ ನೋಡುತ್ತಿದ್ದಳು, ಅಷ್ಟಕ್ಕೇ ನಗು ಅಡಗುತ್ತಿತ್ತು.

ಆಕೆಯ ಜೊತೆಗಿದ್ದವಳು ಮೇಘಾ, ಅಣ್ಣನ ಮೊಮ್ಮಗಳು. ಮೇಘಾಳ ಅಪ್ಪ ಜಿನಪಾಲನಿಗೆ ಖಾನಾಪುರದಲ್ಲಿ ಅಕ್ಕಿ ಗಿರಣಿ. ಚಂಪಾಬಾಯಿ ಆಕೆಗೆ ಆಯಿ, ಅಂದರೆ ಅಜ್ಜಿ. ಹುಡುಗಿ ಕಾಲೇಜಿಗೆಂದು ಪೀರನವಾಡಿಯಲ್ಲಿ ಬೇರೆ ಮನೆ ಮಾಡಿದ್ದ ಆಯಿಯ ಬಳಿಗೆ ಬಂದವಳು ಅಲ್ಲೇ ಉಳಿದು, ಬೆಳಗಾವಿಯ ಶಿವಬಸವ ನಗರದ ಒಂದು ಟ್ರಾವೆಲ್ ಆಫೀಸಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸ ಹಿಡಿದಿದ್ದಳು. ಜರ್ಮನಿಗೆ ಮಷಿನ್ ನೋಡಲು ಹೋಗುವ ಫೌಂಡ್ರಿ ಮಾಲೀಕರು, ಹೊರದೇಶಕ್ಕೆ ಡಾಕ್ಟರಿಕೆ ಓದಲು ಹೋಗುವ ಮಕ್ಕಳು, ಎಲ್ಲರೂ ಆಕೆಯ ಟೇಬಲ್ಲಿನ ಮುಂದೆ ಕೂತೇ ಹಾರಬೇಕು. ಯಾವ ವಿಮಾನ ಎಷ್ಟು ಗಂಟೆಗೆ ಎಲ್ಲಿ ಇಳಿಯುತ್ತದೆ ಎಂಬುದು ಆಕೆಗೆ ಬಾಯಿಪಾಠ. ಕಡೆಗೆ ಮುಳುವಾದದ್ದು ಇದೇ ಜಾಣತನ.

ಹೋದ ಚಳಿಗಾಲದಲ್ಲಿ ಅಮೆರಿಕದ ಪಡುವಣ ಕಡಲಿನ ಬದಿಯ ಊರೊಂದರಲ್ಲಿ ಹೊಸ ಬಸದಿಯ ಪ್ರತಿಷ್ಠೆ ನಡೆಯಿತು. ಮಾಡಿಸುವ ಪಂಡಿತರು ವ್ರತದವರು, ಅವರಿಗೆ ವ್ರತದ ಕೈಯ ಅಡಿಗೆಯೇ ಆಗಬೇಕು. ಬೆಳಗಾವಿಯಿಂದ ಹೋಗುವ ತಂಡದವರು ಚಂಪಾಬಾಯಿಯ ಬೆನ್ನು ಬಿದ್ದರು. ಆಕೆಗೆ ಹೋಗುವ ಮನಸ್ಸಿರಲಿಲ್ಲ. ಮೇಘಾಳೇ ಪುಸಲಾಯಿಸಿದಳು, ತಾನೂ ರಜೆ ಹಾಕಿ ಹೊರಟಳು.

ಒಂದೇ ಒಂದು ಅಂಜಿಕೆ ಇತ್ತು. ಆಯಿಗೆ ಇದ್ದದ್ದು ಒಂದೇ ಕಿಡ್ನಿ. ಇನ್ನೊಂದನ್ನು ಕಲ್ಲು ಕಟ್ಟಿ ಕೆಟ್ಟಿತೆಂದು ಹಿಂದೆಯೇ ತೆಗೆದಿದ್ದರು. "ಬೇಕಾದರ ಊಟ ಬಿಡ್ರಿ, ನಾ ಬ್ಯಾಡ ಅನ್ನೂದಿಲ್ಲ" ಎಂದು ಡಾಕ್ಟರು ಕೈಮುಗಿದು ಹೇಳಿದ್ದರು. "ಹಗಲೊತ್ತು ನೀರು ಮಾತ್ರ ಬಿಡಬ್ಯಾಡ್ರಿ. ಉಳಿದದ್ದು ಒಂದ ಐತಿ. ಅದು ಒಣಗಿತು ಅಂದ್ರ ನಮ್ಮ ಕೈಯಾಗ ಏನೂ ಇಲ್ಲ." ಆಯಿ ತಲೆಯಾಡಿಸಿ ಬಂದಿದ್ದಳು. ಆದರೆ ಚತುರ್ದಶಿಯ ದಿನ ಹಗಲೂ ನೀರು ಮುಟ್ಟದ ಉಪವಾಸವನ್ನು ಮಾತ್ರ ಬಿಟ್ಟಿರಲಿಲ್ಲ. ಮರುದಿನ ಹೊತ್ತು ಹುಟ್ಟಿದ ಕೂಡಲೇ ಕುಡಿಯುತ್ತೇನಲ್ಲ ಎಂಬುದು ಆಕೆಯ ಸಮಾಧಾನ.

ಹೋಗುವಾಗ ತಂಡದ ಜೊತೆ ನಡುವೆ ಇಳಿದು, ವಿಮಾನ ಬದಲಿಸಿ ಹೋದರು. ಆ ನಡುದಾರಿಯ ನಿಲ್ದಾಣ ಎಂಬುದು ಒಂದು ಜಾತ್ರೆ. ಆಯಿಯ ಕಾಲು ಬಾತವು, ಗಾಲಿಕುರ್ಚಿ ಸಿಗಲಿಲ್ಲ, ಗಂಟೆಗಟ್ಟಲೆ ಕಾದು ಕೂತದ್ದಾಯಿತು. ಕಾಯುತ್ತ ಕೂತಿದ್ದಾಗ ದೊಡ್ಡ ಗಾಜಿನಾಚೆ ಸೂರ್ಯ ಎದ್ದ, ಆಯಿ ಬಟ್ಟೆಯಲ್ಲಿ ನೀರು ಸೋಸಿ ಕುಡಿದಳು. ಮೇಘಾಳಿಗೆ ಬಾತ ಕಾಲು ನೆನಪಿನಲ್ಲಿ ಉಳಿಯಿತು, ಸೂರ್ಯ ಉಳಿಯಲಿಲ್ಲ. ಪ್ರತಿಷ್ಠೆ ಮುಗಿದ ಮೇಲೆ ತಂಡದವರು ಹಿಂದೆಯೇ ಉಳಿದರು, ಇವಳು ತಮ್ಮಿಬ್ಬರ ಟಿಕೆಟ್ ಬದಲಿಸಿ ಎಲ್ಲಿಯೂ ನಿಲ್ಲದ ವಿಮಾನ ಹಿಡಿದಳು.

"ಇದು ನಾನ್‌ಸ್ಟಾಪ್ ಐತಿ ಆಯಿ. ಒಮ್ಮೆ ಕುಂತರ ಸೀದಾ ಬೆಂಗಳೂರು."

"ನಡುವ ಎಲ್ಲೂ ನಿಲ್ಲೂದಽ ಇಲ್ಲೇನ? ಖಾನಾಪುರ ಬಸ್ಸರೆ ಪೀರನವಾಡಿಯಾಗ ನಿಲ್ತದ."

"ಹದಿನೇಳು ತಾಸು ಹಾರತದ. ನೀ ಹಾಯಾಗಿ ಮಲಗು."

ಹೊರಡುವ ದಿನ ಚತುರ್ದಶಿ ಬಂದಿತ್ತು. ಹಿಂದಿನ ದಿನ ಸಂಜೆ ಕುಡಿದ ನೀರೇ ಕಡೆ. ಮೇಘಾ ಗೊಣಗಿದಳು, ಆಯಿ ಕೇಳಲಿಲ್ಲ. "ವಿಮಾನದಾಗ ನಾಳೆ ಹೊತ್ತು ಹುಟ್ಟೂದಿಲ್ಲೇನ? ಹುಟ್ಟಿದ ಕೂಡಲೇ ಕುಡೀತೀನಿ ತಗೋ" ಎಂದು ಬಾಯಿ ಮುಚ್ಚಿಸಿದಳು. ಮೇಘಾಳೂ ಹೂಂ ಎಂದಳು. ದಿನ ಬೆಳಗಾದರೆ ಹಗಲು ರಾತ್ರಿಯ ವೇಳಾಪಟ್ಟಿ ತಿರುವಿಹಾಕುವ ಹುಡುಗಿಗೆ ಆ ಪ್ರಶ್ನೆಯನ್ನು ಒಂದು ಗಳಿಗೆ ನಿಂತು ಯೋಚಿಸಬೇಕೆಂದು ಹೊಳೆಯಲಿಲ್ಲ.

ವಿಮಾನ ಕತ್ತಲಾದ ಮೇಲೆ ಹೊರಟಿತು. ಹೊರಡುವ ಮುಂಚೆಯೇ ಕ್ಯಾಪ್ಟನ್ನರ ದನಿ ಬಂತು. ಎದುರುಗಾಳಿ ಜೋರಾಗಿದೆ, ಇಷ್ಟು ದೂರಕ್ಕೆ ಇಂಧನವೇ ಬೆಟ್ಟದಷ್ಟು ಭಾರ, ಆದ್ದರಿಂದ ಕೆಲವರ ಸಾಮಾನು ಇಳಿಸಿದ್ದೇವೆ, ಭೂಮಿಯ ನೆತ್ತಿಯ ಹತ್ತಿರದಿಂದ ಹಾದುಹೋಗುತ್ತೇವೆ ಎಂದರು. ಇಳಿಸಿದ ಸಾಮಾನಿನಲ್ಲಿ ಆಯಿಯ ಹಿತ್ತಾಳೆ ಕೊಡವೂ ಇತ್ತು. ಸೋಸುವ ಬಟ್ಟೆ ಮಾತ್ರ ಆಕೆಯ ಸೊಂಟದಲ್ಲಿ ಭದ್ರವಾಗಿತ್ತು. ಮೇಘಾಳಿಗೆ ಯಾಕೋ ಕೊಡ ಇಳಿಸಿದ್ದು ಸರಿಬರಲಿಲ್ಲ. ಐವತ್ತು ವರ್ಷದಲ್ಲಿ ಅದು ಆಯಿಯನ್ನು ಬಿಟ್ಟು ಉಳಿದದ್ದಿಲ್ಲ.

ನಾಲ್ಕೈದು ತಾಸು ಕಳೆದಿರಬೇಕು. ನಿದ್ದೆ ಹತ್ತದೆ ಮೇಘಾ ಎದುರಿನ ಪರದೆಯಲ್ಲಿ ನಕಾಶೆ ನೋಡುತ್ತಿದ್ದಳು. ಭೂಮಿಯ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ. ಪುಟ್ಟ ವಿಮಾನ ಕಪ್ಪಿನಲ್ಲಿತ್ತು. ಬೆಳಕಿನ ಅಂಚು ಮುಂದೆ ಮುಂದೆ ಸರಿಯುತ್ತಿತ್ತು, ವಿಮಾನ ಅದರ ಬೆನ್ನು ಹತ್ತಿತ್ತು, ಮುಟ್ಟುತ್ತಿರಲಿಲ್ಲ. ಹಿಂದಿನಿಂದ ಬರಬೇಕಾದ ಬೆಳಗೂ ಇವರನ್ನು ಹಿಡಿಯುತ್ತಿರಲಿಲ್ಲ, ವಿಮಾನ ಅದಕ್ಕಿಂತ ಮುಂದೆಯೇ ಓಡುತ್ತಿತ್ತು. ಮೇಲಿನ ದಾರಿಯಲ್ಲೋ ಮಾಗಿಯ ಕಾಲದಲ್ಲಿ ಸೂರ್ಯ ಏಳುವುದೇ ಇಲ್ಲ. ಬೆಂಗಳೂರಿಗೆ ಇಳಿಯುವುದು ನಸುಕಿನ ಮೂರೂವರೆಗೆ. ಮೇಘಾ ಬೆರಳು ಮಡಚಿ ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು. ಈ ವಿಮಾನದಲ್ಲಿ ನಾಳೆ ಎಂಬುದೇ ಇರಲಿಲ್ಲ. ಹತ್ತಿದಾಗ ಇದ್ದ ಇರುಳೇ ಇಳಿಯುವಾಗಲೂ ಇರುತ್ತದೆ.

ಆಯಿ ಎಚ್ಚರವಾಗಿಯೇ ಇದ್ದಳು, ಜಪದ ಬೆರಳು ಆಡುತ್ತಿತ್ತು. ಮೇಘಾ ಆಕೆಯ ಕೈ ಹಿಡಿದಳು.

"ಆಯಿ, ಖಾನಾಪುರದಾಗ ಈಗ ಮಧ್ಯಾಹ್ನ ಮೂರು ಗಂಟಿ. ನಮ್ಮೂರ ಲೆಕ್ಕ ಹಿಡಿ. ಒಂಚೂರು ನೀರು ತಗೋ."

"ನಾ ಖಾನಾಪುರದಾಗ ಇದ್ದೀನೇನ?"

"ಇಲ್ಲ, ಆದ್ರ..."

"ಎಲ್ಲಿ ಇರ್ತೀವೋ ಅಲ್ಲೀ ಹೊತ್ತು. ಬೆಳಕಿನ್ಯಾಗ ಅಂಗೈ ಗೆರಿ ಕಾಣಬೇಕು, ಆಮ್ಯಾಲೆ ನೀರು. ತಡಿ, ಹುಟ್ತದ."

ಹುಟ್ಟುವುದಿಲ್ಲ ಎಂದು ಹೇಳಲು ಮೇಘಾಳಿಗೆ ಬಾಯಿ ಬರಲಿಲ್ಲ. ಹೇಳಿದರೂ ಆಯಿ ಕಡೆಯವರೆಗೆ ತಡೆದೇ ಕೂರುತ್ತಾಳೆ ಎಂದು ಆಕೆಗೆ ಗೊತ್ತಿತ್ತು.

ವಿಮಾನದೊಳಗಿನ ಗಾಳಿ ಹಪ್ಪಳ ಒಣಗಿಸುವ ಗಾಳಿ. ಗಟ್ಟಿಮುಟ್ಟಾದ ಹುಡುಗರೇ ಬಾಟಲಿ ಬಾಟಲಿ ನೀರು ಕುಡಿಯುತ್ತಿದ್ದರು. ಆಯಿಯ ತುಟಿ ಬಿರಿಯಿತು, ನಾಲಿಗೆ ದಪ್ಪವಾಗಿ ಮಾತು ತೊದಲಿತು. ಪಾಯಖಾನೆಗೆ ಹೋಗಲು ಎದ್ದವಳು ಎರಡು ಹೆಜ್ಜೆ ಇಟ್ಟು ಗೋಣು ಚೆಲ್ಲಿ ಕುಸಿದಳು. ವೈದ್ಯರು ಯಾರಾದರೂ ಇದ್ದೀರಾ ಎಂದು ಗಗನಸಖಿಯರು ಕೇಳಿದರು. ಮುನ್ನೂರು ಜನರಲ್ಲಿ ಎದ್ದು ಬಂದವನು ಒಬ್ಬ ಹಲ್ಲಿನ ಡಾಕ್ಟರ. ಪಾಪ, ನಾಡಿ ಹಿಡಿದು ಮುಖ ಸಣ್ಣದು ಮಾಡಿದ. ಪೆಟ್ಟಿಗೆಯಿಂದ ಸಲೈನ್ ತೆಗೆದು ಚುಚ್ಚಲು ನೋಡಿದ, ಬತ್ತಿದ ಕೈಯಲ್ಲಿ ನರ ಸಿಗಲಿಲ್ಲ. ಬಾಯಿಂದ ನೀರು ಕುಡಿಸಿ, ಬೇರೆ ದಾರಿಯಿಲ್ಲ ಎಂದು ಹೇಳಿ ಹೋದ.

ಹಿರಿಯ ಗಗನಸಖಿ ಮೇಘಾಳನ್ನು ಹಿಂದಿನ ಅಡಿಗೆ ಮೂಲೆಗೆ ಕರೆದು ಮೆಲುದನಿಯಲ್ಲಿ ವಿಷಯ ಬಿಡಿಸಿಟ್ಟಳು. ಕೆಳಗೆ ಬರೀ ಹಿಮ. ಇಳಿಯುವಂಥ ನೆಲ ಇನ್ನೂ ಗಂಟೆಗಟ್ಟಲೆ ದೂರ. ಕ್ಯಾಪ್ಟನ್ನರು ಇಳಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಇಳಿದರೆ ತಮ್ಮ ಕೆಲಸದ ಗಂಟೆಗಳು ಮುಗಿದುಹೋಗುತ್ತವೆ, ಬದಲಿ ಸಿಬ್ಬಂದಿ ಬರುವವರೆಗೆ ವಿಮಾನ ಅಲ್ಲಾಡುವಂತಿಲ್ಲ. ಹೊರಗಿನ ಚಳಿಗೆ ಹೊತ್ತುಕೊಂಡು ಇಳಿಸಿದರೆ ಈ ಮುದುಕಿ ಬದುಕುತ್ತಾಳೆಯೇ ಎಂಬುದೂ ಅನುಮಾನ. "ನಿಮ್ಮಜ್ಜಿ ಯಾಕೆ ನೀರು ಕುಡಿಯುತ್ತಿಲ್ಲ?" ಎಂದು ಆಕೆ ಕೇಳಿದಳು. ಮೇಘಾ ಸೂರ್ಯ ಇಲ್ಲವಲ್ಲ ಎಂದಳು. ಅಷ್ಟರಲ್ಲಿ ಯಾರೋ ಗಂಟೆ ಒತ್ತಿದರೆಂದು ಗಗನಸಖಿ ಹೋದಳು.

ಇಳಿಸಿ ಎನ್ನದೆ ಮೇಘಾ ಮರಳಿ ಬಂದು ಕೂತಳು. ನಕಾಶೆಯಲ್ಲಿ ಖಾನಾಪುರವೂ ಅಷ್ಟೊತ್ತಿಗೆ ಕಪ್ಪಿನೊಳಗೆ ಹೋಗಿತ್ತು. ಆಯಿಯ ಕೈ ತಣ್ಣಗಿತ್ತು, ಕಾಲು ಬಾತು ಬಿಗಿದುಕೊಂಡಿದ್ದವು. ಜಪದ ಬೆರಳು ಆಗಾಗ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಾನೇ ಕೊಂದೆ, ನನ್ನ ಕೈಯಾರೆ ಟಿಕೆಟ್ ಮಾಡಿ ಕೊಂದೆ ಎಂಬುದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಈ ವಿಮಾನದ ಕಿಟಕಿಗೆ ಮುಚ್ಚಳವಿಲ್ಲ, ಗಾಜೇ ಕಪ್ಪಾಗುತ್ತದೆ. ಅದರ ಕೀಲಿ ಸಿಬ್ಬಂದಿಯ ಕೈಯಲ್ಲಿ. ಹೊರಗೆ ಏನಿದೆ ಎಂದು ಕೂತವರಿಗೆ ತಿಳಿಯುವುದಿಲ್ಲ. ಇಳಿಯಲು ಇನ್ನು ಎರಡು ತಾಸು ಇರುವಾಗ ತಿಂಡಿ ಕೊಡುವ ಸಮಯವಾಯಿತು. ಜನರನ್ನು ಎಬ್ಬಿಸಲು ಕಂಪನಿಯವರು ಒಂದು ಚೆಂದದ ಉಪಾಯ ಮಾಡಿಟ್ಟಿದ್ದರು. ಚಾವಣಿಯ ದೀಪಗಳು ಮೊದಲು ನೇರಳೆ, ಆಮೇಲೆ ಕೆಂಪು, ಆಮೇಲೆ ಕೇಸರಿ, ಹೀಗೆ ನಿಧಾನವಾಗಿ ಬೆಳಗಾಗುತ್ತ ಬಂದವು. ಇಡೀ ವಿಮಾನ ಮುಂಜಾವಿನ ಬಣ್ಣದಲ್ಲಿ ಮುಳುಗಿತು.

ಆಯಿ ಕಣ್ಣು ತೆರೆದಳು. ಕೈಯನ್ನು ಮುಖದ ಹತ್ತಿರ ತಂದು ಅಂಗೈ ನೋಡಿಕೊಂಡಳು. ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆಮೇಲೆ ತಲೆಯೆತ್ತಿ ಚಾವಣಿ ನೋಡಿದಳು, ಆಚೆ ಈಚೆ ನೋಡಿದಳು, ಕಡೆಗೆ ಮೇಘಾಳ ಮುಖ ನೋಡಿದಳು.

"ಹೊತ್ತು ಹುಟ್ಟಿತೇನ, ಮೇಘಾ?"

"ಹುಟ್ಟಿತು ಆಯಿ."

ಮಾತು ಆಡಿಯಾದ ಮೇಲೆ ಮೇಘಾಳಿಗೆ ತನ್ನ ದನಿ ಕೇಳಿಸಿತು. ಆಯಿ ಸ್ವಲ್ಪ ಹೊತ್ತು ಆಕೆಯನ್ನೇ ನೋಡಿದಳು. ಆಮೇಲೆ ಸೊಂಟದ ಬಟ್ಟೆ ಬಿಚ್ಚಿ ಕೊಟ್ಟಳು. ಮೇಘಾ ಲೋಟದ ಮೇಲೆ ಬಟ್ಟೆ ಹಾಸಿ ನೀರು ಸೋಸಿ ಕುಡಿಸಿದಳು, ಗುಟುಕು ಗುಟುಕಾಗಿ. ಎರಡನೇ ಲೋಟಕ್ಕೆ ಮುಖದಲ್ಲಿ ಜೀವ ಬಂತು. ಆಯಿ ಒದ್ದೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, "ಇದರ ಬಾವಿ ಎಲ್ಲೈತೋ ಏನೋ. ಪಾಪ, ಇವನ್ನ ಎಲ್ಲಿ ಬಿಡಲಿ" ಎಂದಳು. ಮೇಘಾಳಿಗೆ ಅಳು ತಡೆಯಲಾಗಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ಹೊರಗೆ ಗಾಢ ಕತ್ತಲು. ಗಾಲಿಕುರ್ಚಿಯಲ್ಲಿ ಕೂತ ಆಯಿ ಗಾಜಿನಾಚೆ ನೋಡುತ್ತಿದ್ದಳು. ಮೇಘಾ ಮೊದಲೇ ಹೊಂದಿಸಿಟ್ಟ ಮಾತನ್ನು ಆಡಿದಳು. "ಮ್ಯಾಲೆ ಎತ್ತರದಾಗ ಹೊತ್ತು ಮೊದಲಽ ಕಾಣ್ತದ ಆಯಿ. ಕೆಳಗ ಇನ್ನೂ ಹುಟ್ಟಿಲ್ಲ."

"ಹೌದೇನ" ಎಂದಳು ಆಯಿ.

ನಂಬಿದಳು ಎಂದು ಮೇಘಾಳಿಗೆ ಅನ್ನಿಸಿತು. ಅನ್ನಿಸಬೇಕೆಂಬ ಆಸೆಯೂ ಇತ್ತೆನ್ನಿ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದು ಸೀದಾ ಆಸ್ಪತ್ರೆಗೆ ಹೋದರು. ಡಾಕ್ಟರು ರಕ್ತ ತೆಗೆಸಿ ನೋಡಿ ಬೈಯಲೂ ಇಲ್ಲ, ಅದಕ್ಕೇ ಮೇಘಾಳಿಗೆ ಹೆದರಿಕೆಯಾಯಿತು. ನೀರು ಹೊಟ್ಟೆಗೆ ಹೋದದ್ದರಿಂದ ಜೀವ ಉಳಿದಿದೆ, ಆದರೆ ಹೋದದ್ದು ತಡವಾಗಿ, ಉಳಿದ ಒಂದು ಕಿಡ್ನಿಗೆ ಬಿದ್ದ ಪೆಟ್ಟು ಸರಿಹೋಗುವಂಥದ್ದಲ್ಲ ಎಂದರು. ಡಯಾಲಿಸಿಸ್ ಮಾತು ಬಂತು. ಆಯಿ ಕೈ ಅಡ್ಡ ಹಿಡಿದಳು. "ಚೈತ್ರದಾಗ ಹಿರಿಯ ಮಹಾರಾಜರು ಖಾನಾಪುರಕ್ಕ ಬರ್ತಾರ. ಅವರಿಗೆ ಒಮ್ಮೆ ಕೈಯಾರೆ ನೀರು ಹಾಕಿ, ಆಮ್ಯಾಲೆ ನೀವು ಏನು ಬೇಕಾದ್ದು ಮಾಡ್ರಿ." ಹಿರಿಯ ಮಹಾರಾಜರು ಎಂದರೆ ಆಕೆಗೆ ವ್ರತ ಕೊಟ್ಟವರು, ಈಗ ಎಂಬತ್ತು ದಾಟಿದವರು.

ಆ ದಿನದಿಂದ ಮೇಘಾಳಿಗೆ ಅದೇ ಯೋಚನೆ. ವ್ರತ ಮುರಿದ ಕೈಯಿಂದ ಆ ಮುನಿಗೆ ಆಹಾರ ಹೋಗುತ್ತದೆ, ಅದು ಆಯಿಗೆ ತಿಳಿಯದೆಯೇ ಹೋಗುತ್ತದೆ. ಹೇಳಿದರೆ ಮುದುಕಿಯ ಐವತ್ತು ವರ್ಷ ಮಣ್ಣುಪಾಲು. ಹೇಳದಿದ್ದರೆ ಮುನಿಗೆ ಮೋಸ. ಆಫೀಸಿನಲ್ಲಿ ಗಿರಾಕಿಗಳು ನಾನ್‌ಸ್ಟಾಪ್ ಕೇಳಿದರೆ ಆಕೆ ನಡುವೆ ಇಳಿಯುವ ವಿಮಾನವನ್ನೇ ತೋರಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ಆಯಿ ಬಾಗಿಲಲ್ಲೇ ಕೂತಿರುತ್ತಿದ್ದಳು. "ಬಾ, ಕುಂದರು. ಏನರೆ ಹೇಳೂದೈತೇನ?" ಎಂದು ದಿನವೂ ಕೇಳುತ್ತಿದ್ದಳು. ಮೊದಲು ಆಕೆಗೆ ಹಾಗೆ ಕೇಳುವ ರೂಢಿ ಇರಲಿಲ್ಲ. ಮೇಘಾ ಇಲ್ಲ ಎಂದು ಒಳಗೆ ಹೋಗುತ್ತಿದ್ದಳು. ದಿನಗಳು ಉರುಳಿದವು, ಆಯಿಯ ಮುಖ ಬಾಡುತ್ತ, ಕಣ್ಣಿನ ಕೆಳಗೆ ಬಾವು ಏರುತ್ತ ಹೋಯಿತು.

ಚೈತ್ರದ ಬಿಸಿಲಲ್ಲಿ ಮಹಾರಾಜರು ಪೀರನವಾಡಿಯ ರಸ್ತೆ ಹಿಡಿದು ನಡೆದು ಖಾನಾಪುರ ಸೇರಿದರು. ಜಿನಪಾಲನ ಗಿರಣಿ ಮನೆಯಲ್ಲಿ ಅಡಿಗೆಯ ಏರ್ಪಾಡು. ತಡವಾಗಿ ಊರು ಸೇರಿದ್ದ ಹಿತ್ತಾಳೆ ಕೊಡವನ್ನು ಆಯಿ ಹುಣಸೆಹಣ್ಣು ಹಚ್ಚಿ ಬೆಳಗಿದಳು. ಬಾವಿ ನೀರು ಸೋಸಿದಳು. ಒಲೆಯ ಮುಂದೆ ಮಾತ್ರ ಆಕೆ ಕೂರಲಿಲ್ಲ, ಅಡಿಗೆಯನ್ನೆಲ್ಲ ಜಿನಪಾಲನ ಹೆಂಡತಿಯ ಕೈಯಲ್ಲಿ ಮಾಡಿಸಿದಳು. ಶಕ್ತಿಯಿಲ್ಲ ಎಂದು ಎಲ್ಲರೂ ತಿಳಿದರು.

ಮುನಿಗಳು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲಿ ಏನೋ ಒಂದು ನೇಮ ಮಾಡಿಕೊಂಡು ಹೊರಡುತ್ತಾರೆ. ಅದು ಕೂಡಿಬಂದ ಮನೆಯ ಮುಂದೆ ನಿಲ್ಲುತ್ತಾರೆ, ಎಲ್ಲಿಯೂ ಕೂಡಿಬರದಿದ್ದರೆ ಅಂದು ಉಪವಾಸವೇ. ಮಹಾರಾಜರು ಜಿನಪಾಲನ ಬಾಗಿಲಿಗೆ ಬಂದು ನಿಂತರು. ಕೃಶವಾದ ದೇಹ, ಬಿಸಿಲಿಗೆ ಕಪ್ಪಿಟ್ಟ ಮುಖ. ಆಯಿಯನ್ನು ನೋಡಿ ಕಣ್ಣಲ್ಲೇ ಗುರುತು ಹಿಡಿದರು. ಆಯಿ ಕಳಶ ಹಿಡಿದು ಮುಂದೆ, ಬಾಜುವಿನಲ್ಲಿ ಮೇಘಾ, ಹಿಂದೆ ಜಿನಪಾಲ. ಒಳಗೆ ಕರೆಯುವ ಮುಂಚೆ ಮನೆಯವರು ಬಾಯಿಬಿಟ್ಟು ಹೇಳಬೇಕು: ಮನಸ್ಸು ಶುದ್ಧವಿದೆ, ಮಾತು ಶುದ್ಧವಿದೆ, ದೇಹ ಶುದ್ಧವಿದೆ, ಅನ್ನನೀರು ಶುದ್ಧವಿದೆ. ಅಷ್ಟಾಗದೆ ಮುನಿ ಹೊಸ್ತಿಲು ದಾಟುವುದಿಲ್ಲ.

"ಮನಶುದ್ಧಿ" ಎಂದಳು ಆಯಿ. ಅಲ್ಲಿಗೇ ನಿಂತಳು. ತಿರುಗಿ ಮೇಘಾಳನ್ನು ನೋಡಿದಳು.

ಉಸಿರು ಸಾಲದೆ ಆಯಿ ನಿಂತಳೆಂದು ಮೇಘಾ ತಿಳಿದಳು, ಅಥವಾ ಹಾಗೆ ತಿಳಿಯಬೇಕೆಂದುಕೊಂಡಳು. ಎಲ್ಲರೂ ಕಾಯುತ್ತಿದ್ದರು. ಮೌನ ತುಂಬಲು ಆಕೆಯೇ ಬಾಯಿ ತೆರೆದಳು.

"ವಚನಶುದ್ಧಿ."

ಆಯಿಯ ಮುಖದಲ್ಲಿ ಏನೋ ಆರಿಹೋಯಿತು. ಆಕೆ ಬಗ್ಗಿ ಕಳಶವನ್ನು ನೆಲದ ಮೇಲೆ ಇಟ್ಟಳು, ಎರಡೂ ಕೈ ಜೋಡಿಸಿ ತಲೆ ತಗ್ಗಿಸಿ ನಿಂತಳು. ಮುಂದಿನ ಮಾತು ಯಾರೂ ಆಡಲಿಲ್ಲ. ಮಹಾರಾಜರು ಒಂದು ಗಳಿಗೆ ನಿಂತರು, ಆಮೇಲೆ ನವಿಲುಗರಿಯ ಪಿಂಛಿಯನ್ನು ಹೆಗಲಿಗೆ ಎತ್ತಿಕೊಂಡು ಮುಂದೆ ನಡೆದರು. ಬೀದಿಯಲ್ಲಿ ಇನ್ನೆರಡು ಮನೆಯವರು ಕರೆದರು. ಎಲ್ಲಿಯೂ ನಿಲ್ಲದೆ ಅವರು ಬಸದಿಗೆ ಮರಳಿದರು. ಅಂದು ಆ ಬಿಸಿಲಿನಲ್ಲಿ ಮುದುಕರಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

ಜಿನಪಾಲ ತಲೆ ಮೇಲೆ ಕೈ ಹೊತ್ತು ಕೂತ. ಆಯಿ ಯಾರಿಗೂ ಉತ್ತರ ಕೊಡದೆ ಗಿರಣಿಯ ಹಿಂದಿನ ಕೋಣೆಗೆ ಹೋಗಿ ಮಲಗಿದಳು. ಸಂಜೆ ಹೊತ್ತು ಇಳಿಯುವಾಗ ಮೇಘಾ ಹೋಗಿ ಆಕೆಯ ಕಾಲ ಬಳಿ ಕೂತಳು.

"ನಿನಗ ಯಾವಾಗ ಗೊತ್ತಾತು, ಆಯಿ?"

"ಅವಾಗಽ." ಆಯಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಐವತ್ತು ವರ್ಷ ಹೊತ್ತು ಹುಟ್ಟೂದು ನೋಡೀನಿ. ಅದು ಒಂದ ಕಡಿಯಿಂದ ಬರ್ತದ. ಆ ಬೆಳಕು ಎಲ್ಲಾ ಕಡಿಯಿಂದ ಬಂತು, ನನ್ನ ಕೈಯ ನೆರಳಽ ಬೀಳಲಿಲ್ಲ."

"ಮತ್ತ ಯಾಕ ಕುಡದಿ?"

"ನಿನ್ನ ಮಾರಿ ನೋಡಿ ಕುಡದೆ. ನಾ ಅಲ್ಲೇ ಸತ್ತಿದ್ರ ನೀ ಬದುಕ್ತಿದ್ದಿಲ್ಲ." ಆಕೆ ಉಸಿರು ಎಳೆದುಕೊಂಡಳು. "ನೀರು ಕುಡದದ್ದಕ್ಕ ಪ್ರಾಯಶ್ಚಿತ್ತ ಐತಿ. ಮಹಾರಾಜರ ಮುಂದ ಹೋಗಿ ಹಿಂಗಾತು ಅಂದ್ರ ಅವರು ಒಂದು ಹಾದಿ ಹೇಳ್ತಾರ, ಎಲ್ಲಾ ತೊಳದು ಹೋಗ್ತದ. ಆದ್ರ ನಾ ಹೇಳಿದ್ರ ನಿನ್ನ ಮ್ಯಾಲೆ ಚಾಡಿ ಹೇಳಿಧಂಗ. ಅದು ನೀ ಹೇಳಬೇಕಾದ ಮಾತು. ದಿನಾ ಬಾಗಲದಾಗ ಕುಂತು ದಾರಿ ನೋಡಿದೆ. ಇವತ್ತ ಮುಂಜಾನೆವರೆಗೂ ನೋಡಿದೆ. ನೀ ಬಾಜೂಕ ನಿಂತು ವಚನಶುದ್ಧಿ ಅಂದಿ."

ಮೇಘಾ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಬಸದಿಯ ಕಡೆಗೆ ಓಡಿದಳು. ಈಗಲೇ ಹೇಳಿಬಿಡುತ್ತೇನೆ, ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ, ಆಯಿಯ ಹಾದಿ ತೆರೆಯಲಿ. ನಾಳೆ ಮುಂಜಾನೆಯಾದರೂ ಆ ಕೈ ಈ ಮುದುಕರ ಬೊಗಸೆಗೆ ನೀರು ಹಾಕಲಿ. ಬೀದಿಯ ಕೊನೆಯ ಮಾಡಿನ ಮೇಲೆ ಬಿಸಿಲು ಇನ್ನೂ ಇತ್ತು. ಬಸದಿಯ ಮೆಟ್ಟಿಲು ಹತ್ತುವಾಗ ಅದು ಇರಲಿಲ್ಲ.

ಒಳಗೆ ಮಹಾರಾಜರು ಹಲಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ಒಣಗಿ ಗಲ್ಲ ಒಳಗೆ ಹೋಗಿತ್ತು. ಮೇಘಾ ಅಡ್ಡಬಿದ್ದು, "ಮಹಾರಾಜ, ನಂದೊಂದು ಮಾತೈತ್ರಿ" ಎಂದಳು. ಪಕ್ಕದಲ್ಲಿದ್ದ ಸೇವಕ ತಮ್ಮಣ್ಣ ಮೆಲ್ಲಗೆ ಕೈ ಅಡ್ಡ ಮಾಡಿದ.

"ಹೊತ್ತು ಮುಣಗಿತವ್ವಾ. ಇನ್ನ ಮೌನ. ಅವರು ಏನೂ ಹೇಳೂದಿಲ್ಲ, ನಾಳೆ ಮುಂಜಾನೆ ಬಾ. ಅವರಿಗೂ ಮೈಯಾಗ ಆರಾಮಿಲ್ಲ, ಮಧ್ಯಾಹ್ನದಿಂದ ಜ್ವರ ಅದಾವು."

ಮಹಾರಾಜರು ಕಣ್ಣೆತ್ತಿ ಆಕೆಯನ್ನು ನೋಡಿದರು. ಕೈಯೆತ್ತಿ ಆಶೀರ್ವಾದ ಮಾಡಲು ಹೋದರು, ಕೈ ಅರ್ಧಕ್ಕೇ ನಿಂತು ತೊಡೆಯ ಮೇಲೆ ಬಿತ್ತು.

ಹೊರಗೆ ಜಗಲಿಯ ಮೇಲೆ ಮೇಘಾ ಕುಸಿದು ಕೂತಳು. ಎಷ್ಟೋ ಹೊತ್ತಿನ ಮೇಲೆ ಜಿನಪಾಲನ ಭುಜ ಹಿಡಿದು ಆಯಿ ಬಂದಳು. ಒಂದೊಂದೇ ಮೆಟ್ಟಿಲು ಹತ್ತಿ ಆಕೆಯ ಬಾಜುವಿಗೆ ಕೂತು, ಹೋಗು ಎಂದು ಜಿನಪಾಲನಿಗೆ ಸನ್ನೆ ಮಾಡಿದಳು.

"ತಡಾ ಆತು, ಆಯಿ."

"ಕುಂದರು. ಹೊತ್ತು ಹುಟ್ಟಲಿ."

ಮೇಘಾಳ ಗಂಟಲು ಒಣಗಿತ್ತು. ಜಗಲಿಯ ಮೂಲೆಯಲ್ಲಿ ಬಂದವರಿಗೆಂದು ನೀರಿನ ಗಡಿಗೆ ಇತ್ತು, ಮುಚ್ಚಳದ ಮೇಲೆ ಲೋಟವೂ ಇತ್ತು. ಆಕೆ ಏಳಲಿಲ್ಲ. ಒಳಗೆ ಆ ಮುದುಕರು, ಹೊರಗೆ ಇವರಿಬ್ಬರು, ಮೂವರಿಗೂ ನೀರಿಲ್ಲದ ರಾತ್ರಿ ಶುರುವಾಯಿತು.